ಜ್ಞಾನಮದ ಮುಚ್ಚಿದ ಬಾಗಿಲು

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎಂಟು ಮದಗಳನ್ನು ಎಣಿಸುವಾಗ ಜ್ಞಾನಮದವನ್ನೇ ಮೊದಲಿಗಿರಿಸಿದ್ದಾರೆ. ಬಲ್ಲೆನೆಂಬ ಹಮ್ಮು, ಇನ್ನಾರು ಕಲಿಯಬಹುದೆಂಬುದನ್ನೂ ತಾನೇ ನಿರ್ಣಯಿಸಹೊರಡುತ್ತದೆ.

1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರವೇಶ ಕೋರಿದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡದಿದ್ದಾಗ ಷರತ್ತುಗಳನ್ನು ವಿಧಿಸಿದರು: ಒಂದು ವರ್ಷ ಪರೀಕ್ಷಾರ್ಥ ಪ್ರವೇಶ, ಪುರುಷ ಸಂಶೋಧಕರ ಚಿತ್ತ ಕದಲಬಾರದು. ಯಾರ ಚಿತ್ತ ಚಂಚಲವೋ ಸಂಯಮ ಅವರದೇ ಹೊಣೆ ಎನ್ನುತ್ತದೆ ಜಿನಧರ್ಮ. ಇಲ್ಲಿ ಹೊರೆ ಬಿದ್ದದ್ದು ಕಮಲಾ ಅವರ ಮೇಲೆ!

ವರ್ಷ ಕಳೆದಾಗ ಆಕೆಯ ಕಾರ್ಯನಿಷ್ಠೆ ಕಂಡು ರಾಮನ್ ನಿಲುವು ಬದಲಿಸಿದರು. ಇತರ ಸ್ತ್ರೀಯರಿಗೂ ಬಾಗಿಲು ತೆರೆಯಿತು. ತನ್ನ ನೋಟವೇ ಪೂರ್ಣಸತ್ಯವಲ್ಲವೆಂಬ ಅನೇಕಾಂತಕ್ಕೆ ಇದು ಒಪ್ಪುವ ನಡೆಯೇ. 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದ ಕಮಲಾ ಮಾತ್ರ, ಆ ವರ್ಷವನ್ನು ದಶಕಗಳ ಬಳಿಕವೂ ಅವಮಾನವೆಂದೇ ನೆನೆದರು.