ಹಸಿರು ಶಾಯಿಯ ‘ಚರ್ಚಿಸಿ’

34 ವರ್ಷದ ನೌಕರಿ, 17 ಸಾಹೇಬರು, ಒಬ್ಬೊಬ್ಬರಿಗೂ ಎರಡೆರಡು ಪುಟ. ಮಲೆನಾಡಿನ ನಿವೃತ್ತ ಶಿರಸ್ತೇದಾರರೊಬ್ಬರ ಮನೆಯಲ್ಲಿ ಈ ನೋಟ್‌ಬುಕ್ ನೋಡಿ ಬಂದಾಗಿನಿಂದ ನನಗೆ ಬೇರೆ ಮಾತೇ ಹೊಳೆಯುತ್ತಿಲ್ಲ. ಅದರಲ್ಲಿ ಬೈಗುಳವಿಲ್ಲ, ಹೊಗಳಿಕೆಯೂ ಇಲ್ಲ. ಟಿಪ್ಪಣಿ ಹಾಳೆಯಲ್ಲಿ ಯಾರು ಏನು ಗೀಚಿ ಕಡತ ವಾಪಸ್ ಕಳಿಸುತ್ತಿದ್ದರು ಎಂಬ ಲೆಕ್ಕವಷ್ಟೇ.

ಅತಿ ಹೆಚ್ಚು ಬಂದಿರುವ ಪದ ‘ಚರ್ಚಿಸಿ’. ಕಚೇರಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಸಿರು ಶಾಯಿಯಲ್ಲಿ ಮೂರೇ ಅಕ್ಷರ, ಕೆಳಗೊಂದು ಚುಟುಕು ಸಹಿ. ವಿಷಯ ನಿರ್ವಾಹಕ ಕಡತ ಕಂಕುಳಲ್ಲಿಟ್ಟುಕೊಂಡು ಚೇಂಬರಿಗೆ ಹೋಗುತ್ತಾನೆ. ‘ಹೀಗೆ ಮಾಡ್ರಿ’ ಎಂದು ಸಾಹೇಬರ ಬಾಯಿಮಾತು. ಹೊರಬಂದವನು ಅದನ್ನು ತನ್ನದೇ ಅಭಿಪ್ರಾಯವೆಂಬಂತೆ ಬರೆದು ಮಂಡಿಸಬೇಕು. ಮುಂದೆ ಆಡಿಟ್ ಆಕ್ಷೇಪಣೆ ಬಂದರೆ ಹಾಳೆಯಲ್ಲಿ ಇರುವುದು ಅವನ ಕೈಬರಹ! ಆರನೆಯ ಸಾಹೇಬರು ಒಂದೇ ಕಡತಕ್ಕೆ ನಾಲ್ಕು ಸಲ ‘ಚರ್ಚಿಸಿ’ದ್ದರಂತೆ. ಕೊನೆಗೆ ಗುಮಾಸ್ತನಿಗೆ ಬಂದ ಕಾರಣ ಕೇಳಿ ನೋಟಿಸಿಗೂ ಅದೇ ಹಸಿರು ಪೆನ್ನಿನ ಸಹಿ.

ಒಂಬತ್ತನೆಯವರೂ ‘ಚರ್ಚಿಸಿ’ ಬರೆಯದವರೇನಲ್ಲ. ಮಾತು ಮುಗಿದ ಮೇಲೆ ಮಾತ್ರ ಕಡತವನ್ನು ತಮ್ಮತ್ತ ಎಳೆದುಕೊಂಡು, ‘ಚರ್ಚಿಸಲಾಯಿತು, ನನ್ನ ಸೂಚನೆಯಂತೆ ಮುಂದುವರಿಯುವುದು’ ಎಂದು ಬರೆದು ದಿನಾಂಕ ಹಾಕುತ್ತಿದ್ದರು. ‘ಬಾಯಿ ಕೆಟ್ಟದು ಮಾರಾಯ್ರೇ, ಎಲ್ಲರೆದುರೇ ಬೈತಿದ್ರು. ಆದ್ರೆ ಅವರಿದ್ದಷ್ಟು ದಿನ ರಾತ್ರಿ ನಿದ್ದೆ ಬರ್ತಿತ್ತು’ ಎಂದರು ಶಿರಸ್ತೇದಾರರು. ಮೃದುಮಾತಿನ ಮೇಲಧಿಕಾರಿಯೇ ಒಳ್ಳೆಯವರೆಂಬ ತರಬೇತಿ ಶಿಬಿರಗಳ ಪಾಠದ ಮೇಲೆ ನನಗಂತೂ ಮೊದಲಿನಿಂದ ನಂಬಿಕೆಯಿಲ್ಲ.

ಹೊಣೆ ಹೊರುವ ಮೇಲಧಿಕಾರಿ ಎಂದರೆ ಸತೀಶ್ ಧವನ್ ಕಥೆ ಎಲ್ಲರಿಗೂ ಗೊತ್ತು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿದ್ದಾಗ ಪತ್ರಕರ್ತರೆದುರು ಕೂತು ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಧವನ್. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಮಾತಾಡಲು ಕಳಿಸಿದ್ದು ಯೋಜನೆಯ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು. ಕಲಾಂ ಇದನ್ನು ಸಭೆಸಭೆಯಲ್ಲೂ ಹೇಳಿ ಕಥೆ ಸವೆದಿದೆ, ನಿಜ. ಆದರೆ ಅದರೊಳಗಿನ ಒಂದು ಎಳೆಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ: 1979ರ ಆ ಉಡಾವಣೆ ಬೇಡವೆಂದು ಕಂಪ್ಯೂಟರ್ ತಡೆದಿದ್ದರೂ ಮುಂದುವರಿಯಲು ಹೇಳಿದವರು ಸ್ವತಃ ಕಲಾಂ. ಬಲಿ ಕೊಡಲು ಹೆಸರು ಸಿದ್ಧವಾಗಿಯೇ ಇತ್ತು.

ನೋಟ್‌ಬುಕ್ಕಿನಲ್ಲಿ 18ನೆಯ ಹೆಸರೂ ಇದೆ. ಅದು ಶಿರಸ್ತೇದಾರರದ್ದೇ. ಕೊನೆಯ ಮೂರು ವರ್ಷ ಅವರ ಕೈಕೆಳಗೂ ಜನರಿದ್ದರು. ಪುಟದಲ್ಲಿರುವುದು ಒಂದೇ ಸಾಲು: ‘ಚರ್ಚಿಸಿ – 11 ಸಲ.’ ನಾನು ತಲೆಯೆತ್ತಿ ನೋಡುವಷ್ಟರಲ್ಲಿ ಅವರು ಕಾಫಿ ಲೋಟ ತೊಳೆಯಲು ಒಳಗೆ ಹೋಗಿದ್ದರು.