ಒಂದೇ ದೀಪ ಮನೆಯೆಲ್ಲವನ್ನೂ ಬೆಳಗದು

ಹೋದ ತಿಂಗಳ ಒಂದು ಸಂಜೆ. ಅಡುಗೆಮನೆಯ ಬಾಗಿಲ ಬಳಿ ಕುಳಿತ ಅಜ್ಜಿ ಮೊರದಲ್ಲಿ ಅಕ್ಕಿ ಹರವಿಕೊಂಡಿದ್ದರು. ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಕೊನೆಗೆ 'ನನ್ನ ಕಣ್ಣು ಹೋಯ್ತು ಮಗಾ, ನಾಳೆ ಬೆಳಿಗ್ಗೆ ಆರಿಸ್ತೀನಿ' ಎಂದು ಮೊರವನ್ನು ಬದಿಗಿಟ್ಟರು. ಅಷ್ಟರಲ್ಲಿ ಕರೆಂಟು ಹೋಯಿತು. ಎಮರ್ಜೆನ್ಸಿ ದೀಪ ತಂದು ಅವರ ಪಕ್ಕದಲ್ಲಿ ನೆಲದ ಮೇಲಿಟ್ಟೆ. ಸುಮ್ಮನೆ ಕೂರಲಾಗದ ಅಜ್ಜಿ ಮತ್ತೆ ಮೊರ ಎಳೆದುಕೊಂಡರು. ಈಗ ಒಂದೊಂದೇ ಕಲ್ಲು ಅವರ ಬೆರಳಿಗೆ ಸಿಗತೊಡಗಿತು. ಹತ್ತು ನಿಮಿಷಕ್ಕೆ ಕರೆಂಟು ಬಂತು, ಗೋಡೆಯ ಟ್ಯೂಬ್‌ಲೈಟ್ ಬೆಳಗಿತು. ನಾನು ಎಮರ್ಜೆನ್ಸಿ ದೀಪ ತೆಗೆದಿಟ್ಟೆ. 'ಅದನ್ಯಾಕೆ ತೆಗೆದೆ? ಮತ್ತೆ ಏನೂ ಕಾಣಿಸ್ತಿಲ್ಲ' ಎಂದರು ಅಜ್ಜಿ.

ಟ್ಯೂಬ್‌ಲೈಟಿನ ಬೆಳಕು ಆ ಪುಟ್ಟ ದೀಪಕ್ಕಿಂತ ಹಲವು ಪಟ್ಟು ಹೆಚ್ಚು. ಆದರೂ ಏಕೆ ಹೀಗೆ? ಎದ್ದು ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ಟ್ಯೂಬ್‌ಲೈಟ್ ಇದ್ದದ್ದು ಅಜ್ಜಿಯ ಬೆನ್ನ ಹಿಂದಿನ ಗೋಡೆಯಲ್ಲಿ. ಅವರ ನೆರಳೇ ಅವರ ಮೊರದ ಮೇಲೆ ಬಿದ್ದಿತ್ತು. ಅಜ್ಜಿಗೀಗ 78 ವರ್ಷ. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಗಿದೆ. ಎರಡು ವರ್ಷದಿಂದ ಅವರು ಸಂಜೆಯ ಓದನ್ನೂ ಹೂ ಕಟ್ಟುವುದನ್ನೂ ಬಿಟ್ಟಿದ್ದರು. ವಯಸ್ಸಾಯಿತು ಎಂದು ನಾವೂ ಸುಮ್ಮನಿದ್ದೆವು. ತಪ್ಪು ಕಣ್ಣಿನದಷ್ಟೇ ಅಲ್ಲ, ದೀಪದ ಜಾಗದ್ದೂ ಆಗಿತ್ತು.

ಮನೆ ಕಟ್ಟುವಾಗ ನಾವು ನೆಲದ ಕಲ್ಲಿಗೆ, ಗೋಡೆಯ ಬಣ್ಣಕ್ಕೆ, ಬಾಗಿಲ ಮರಕ್ಕೆ ವಾರಗಟ್ಟಲೆ ಅಲೆಯುತ್ತೇವೆ. ದೀಪದ ಮಾತು ಬಂದಾಗ ಮಾತ್ರ 'ರೂಮಿಗೊಂದು ಪಾಯಿಂಟ್ ಕೊಡಿ' ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿ ಕೈತೊಳೆದುಕೊಳ್ಳುತ್ತೇವೆ. ಒಂದು ಕೋಣೆಗೆ ಒಂದು ದೀಪ ಸಾಕೆಂಬ ಈ ನಂಬಿಕೆ ಎಲ್ಲಿಂದ ಬಂತು? ಅದಕ್ಕೊಂದು ಚರಿತ್ರೆಯೇ ಇದೆ.

ಕೆಲಸಕ್ಕೊಂದು ದೀಪ

ವಿದ್ಯುತ್ ಬರುವ ಮುಂಚಿನ ನಮ್ಮ ಮನೆಗಳಲ್ಲಿ ದೀಪ ಒಂದಿರಲಿಲ್ಲ, ಹಲವಿದ್ದವು. ಹಗಲಿಗೆ ತೊಟ್ಟಿಮನೆಯ ತೊಟ್ಟಿಯಿಂದ ಬೆಳಕು ಇಳಿಯುತ್ತಿತ್ತು. ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಸೂರಿನ ಬೆಳಕಿಂಡಿಯೇ ದೀಪ. ಸಂಜೆಯಾದರೆ ದೇವರ ಮುಂದೆ ನಂದಾದೀಪ, ತುಳಸಿಕಟ್ಟೆಯ ಗೂಡಿನಲ್ಲೊಂದು ಹಣತೆ, ಹೊಸ್ತಿಲಲ್ಲೊಂದು, ನಡುಮನೆಯಲ್ಲಿ ತೂಗುದೀಪ. ಗೋಡೆಯಲ್ಲಿ ಅಲ್ಲಲ್ಲಿ ದೀಪದ ಗೂಡುಗಳು. ಸೀಮೆಎಣ್ಣೆ ಬಂದ ಮೇಲೆ ಅಡುಗೆಮನೆಗೆ ಬುಡ್ಡಿದೀಪ, ಓದುವ ಹುಡುಗನಿಗೆ ಲಾಟೀನು, ಹಿತ್ತಿಲಿಗೂ ಕೊಟ್ಟಿಗೆಗೂ ಕಂದೀಲು, ಮದುವೆ ಮುಂಜಿಗೆ ಪೆಟ್ರೊಮ್ಯಾಕ್ಸ್.

ಇದನ್ನು ಯಾರೂ ಅಲಂಕಾರವೆಂದು ಮಾಡಿದ್ದಲ್ಲ. ಒಂದೊಂದು ದೀಪದ ಬೆಳಕೂ ಅಷ್ಟು ಕಡಿಮೆ ಇದ್ದುದರಿಂದ ಅದನ್ನು ಕೆಲಸದ ಹತ್ತಿರಕ್ಕೆ ಒಯ್ಯಲೇಬೇಕಿತ್ತು. ಆ ಬೆಳಕು ಸಾಲುತ್ತಿರಲಿಲ್ಲ, ಹೊಗೆಯೂ ಇತ್ತು, ಬೆಂಕಿಯ ಭಯವೂ ಇತ್ತು. ಹಳೆಯದನ್ನು ಹೊಗಳಿ ಮತ್ತೆ ಬುಡ್ಡಿದೀಪಕ್ಕೆ ಹೋಗೋಣ ಎನ್ನುವವರು ಅದರ ಕೆಳಗೆ ಓದಿದವರಲ್ಲ. ಆದರೆ ಆ ಮನೆಗಳಿಗೆ ಗೊತ್ತಿದ್ದ ಸಂಗತಿಯೊಂದಿತ್ತು: ದೀಪ ಎಷ್ಟು ದೊಡ್ಡದು ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ.

ನಡುವೆ ತೂಗಿದ ಬಲ್ಬು

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೆಲಸ ಆರಂಭಿಸಿತು. ಅದರ ವಿದ್ಯುತ್ ಮೊದಲು ಹರಿದದ್ದು ಮನೆಗಳಿಗಲ್ಲ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರ ಆಗಸ್ಟ್ 5ರಂದು. 1908ರಲ್ಲಿ ಮೈಸೂರು ಅರಮನೆಗೆ ಬೆಳಕು ಬಂತು. ಮನೆಗಳ ಸರದಿ ನಿಧಾನವಾಗಿ, ಊರೂರಿಗೂ ಬೇರೆ ಬೇರೆ ಕಾಲಕ್ಕೆ ಬಂತು.

ತಂತಿ ಎಳೆಸುವುದು ಖರ್ಚಿನ ಬಾಬತ್ತು. ಲೆಕ್ಕ ಹಾಕುತ್ತಿದ್ದುದೇ ಇಷ್ಟು ಪಾಯಿಂಟ್ ಎಂದು. ಹಾಗಾಗಿ ಕೋಣೆಗೊಂದೇ ಪಾಯಿಂಟ್. ಒಂದೇ ಆದ್ದರಿಂದ ನಡುಮಧ್ಯೆ. ಸೂರಿನಿಂದ ಇಳಿಬಿಟ್ಟ ವೈರಿನ ತುದಿಗೆ ಒಂದು ಬಲ್ಬು. ಬಡವರ ಗುಡಿಸಲಿಗೆ ಸರ್ಕಾರ ಭಾಗ್ಯಜ್ಯೋತಿ ಯೋಜನೆಯಲ್ಲಿ ಕೊಟ್ಟದ್ದೂ ಒಂದೇ ದೀಪ. ಕತ್ತಲೆಯ ಮನೆಗೆ ಆ ಒಂದು ಬಲ್ಬು ಎಂಥ ಭಾಗ್ಯವಾಗಿತ್ತು ಎಂಬುದನ್ನು ಇಂದು ನಾವು ಕಲ್ಪಿಸಿಕೊಳ್ಳುವುದೂ ಕಷ್ಟ.

ಆಮೇಲೆ ಬಂದದ್ದು ಟ್ಯೂಬ್‌ಲೈಟ್. ಅಮೆರಿಕದಲ್ಲಿ 1938ರಲ್ಲಿ ಮಾರುಕಟ್ಟೆಗೆ ಬಂದ ಈ ದೀಪ ಸ್ವಾತಂತ್ರ್ಯಾನಂತರ ನಮ್ಮ ಕಚೇರಿ, ಶಾಲೆ, ಆಸ್ಪತ್ರೆಗಳನ್ನು ಹಾದು ನಡುಮನೆಗೆ ಬಂತು. ತಂತಿಯನ್ನು ಕಾಯಿಸಿ ಬೆಳಗುವ ಹಳೆಯ ಬಲ್ಬು ತನಗೆ ಸಿಕ್ಕ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಕಳೆಯುತ್ತಿತ್ತು. ಟ್ಯೂಬ್‌ಲೈಟ್ ಅಷ್ಟೇ ವಿದ್ಯುತ್ತಿನಲ್ಲಿ ಹಲವು ಪಟ್ಟು ಬೆಳಕು ಕೊಟ್ಟಿತು. ನಾಲ್ಕಡಿಯ ಒಂದು ಕೊಳವೆ ಗೋಡೆಗೆ ಬಿತ್ತೆಂದರೆ ಬೇರೆ ದೀಪದ ಯೋಚನೆಯೇ ಬೇಡವಾಯಿತು. ದೀಪದ ಗೂಡುಗಳಿಗೆ ಸಿಮೆಂಟ್ ಮೆತ್ತಿದೆವು. ಊಟ, ಓದು, ಹರಟೆ, ಮಗುವಿನ ನಿದ್ದೆ, ಹಬ್ಬದ ಆರತಿ ಎಲ್ಲಕ್ಕೂ ಅದೇ ಬಿಳಿಯ ಬೆಳಕು.

ಮೂರು ಬಗೆ

ಬೆಳಕಿನ ಕಸುಬಿನವರು ಈ ವಿಷಯವನ್ನು ಹೇಗೆ ನೋಡುತ್ತಾರೆ? ಅಮೆರಿಕದ ರಿಚರ್ಡ್ ಕೆಲಿ ಎಂಬ ದೀಪವಿನ್ಯಾಸಕಾರ 1952ರಲ್ಲಿ ಬರೆದ ಲೇಖನವೊಂದರಲ್ಲಿ ಬೆಳಕನ್ನು ಮೂರು ಬಗೆಯಾಗಿ ವಿಂಗಡಿಸಿದ. ಎಲ್ಲೆಡೆ ಸಮನಾಗಿ ಹರಡುವ ಬೆಳಕು ಒಂದು. ಒಂದು ವಸ್ತುವಿನ ಮೇಲೆ ಅಥವಾ ಜಾಗದ ಮೇಲೆ ಬೀಳುವ ಬೆಳಕು ಎರಡನೆಯದು. ಮಿನುಗಿ ಕಣ್ಣಿಗೆ ಹಬ್ಬ ಮಾಡುವ ಬೆಳಕು ಮೂರನೆಯದು. ಮುಂದೆ ನ್ಯೂಯಾರ್ಕಿನ ಸೀಗ್ರಾಮ್ ಕಟ್ಟಡಕ್ಕೆ, ಲೂಯಿ ಕಾನ್ ಕಟ್ಟಿದ ಕಿಂಬೆಲ್ ಕಲಾ ಸಂಗ್ರಹಾಲಯಕ್ಕೆ ಬೆಳಕು ರೂಪಿಸಿದ್ದೂ ಈತನೇ. ಇಂದು ಗೃಹಾಲಂಕಾರದವರು ಹೇಳುವ 'ಲೇಯರ್ಡ್ ಲೈಟಿಂಗ್', ಅಂದರೆ ಪದರ ಪದರವಾಗಿ ಬೆಳಕು ಕೂಡಿಸುವುದು, ಹೆಚ್ಚುಕಡಿಮೆ ಇದೇ ವಿಂಗಡಣೆಯ ಮನೆಬಳಕೆಯ ರೂಪ.

ನಮ್ಮ ಹಳೆಯ ಮನೆಗೆ ಇದನ್ನು ಹೊಂದಿಸಿ ನೋಡಿ. ಹಗಲಿನ ತೊಟ್ಟಿಯ ಬೆಳಕು ಹರಡುವ ಬೆಳಕು. ಓದುವ ಹುಡುಗನ ಲಾಟೀನು ಕೆಲಸದ ಬೆಳಕು. ತುಳಸಿಕಟ್ಟೆಯ ಹಣತೆ ಮಿನುಗುವ ಬೆಳಕು. ಮೂರನೆಯ ಬಗೆಯ ದೊಡ್ಡ ಉದಾಹರಣೆ ಬೇಕಿದ್ದರೆ ದಸರೆಯ ಮೈಸೂರು ಅರಮನೆ ಇದ್ದೇ ಇದೆ. ಅಲ್ಲಿ ಸುಮಾರು ಒಂದು ಲಕ್ಷ ಪುಟ್ಟ ಬಲ್ಬುಗಳು ಕಮಾನು, ಗೋಪುರ, ಅಂಚುಗಳನ್ನು ಚುಕ್ಕಿಯಲ್ಲಿ ಬರೆದಂತೆ ತೋರಿಸುತ್ತವೆ. ಅದೇ ಅರಮನೆಯ ಮೇಲೆ ಎದುರಿನಿಂದ ನಾಲ್ಕು ಫ್ಲಡ್‌ಲೈಟ್ ಬಿಟ್ಟರೂ ಕಟ್ಟಡವೇನೋ ಕಾಣುತ್ತದೆ. ಆದರೆ ಅದನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಯಾರು ನಿಲ್ಲುತ್ತಾರೆ?

ಈ ಮೂರರಲ್ಲಿ ಟ್ಯೂಬ್‌ಲೈಟ್ ಮಾಡುವುದು ಮೊದಲನೆಯದನ್ನು ಮಾತ್ರ. ಉಳಿದೆರಡನ್ನು ಅದರಿಂದ ನಿರೀಕ್ಷಿಸಿದ್ದು ನಮ್ಮ ತಪ್ಪು.

ದೂರ, ವಯಸ್ಸು, ಬಣ್ಣ

ಕೆಲಸದ ಬೆಳಕು ಹತ್ತಿರವಿರಬೇಕು ಎನ್ನುವುದಕ್ಕೆ ಶಾಲೆಯ ಭೌತಶಾಸ್ತ್ರವೇ ಸಾಕ್ಷಿ. ಬಲ್ಬಿನಿಂದ ದೂರ ಎರಡರಷ್ಟಾದರೆ ಮೇಲೆ ಬೀಳುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಪುಸ್ತಕದಿಂದ ಎಂಟಡಿ ದೂರದಲ್ಲಿರುವ ಬಲ್ಬನ್ನು ಎರಡಡಿಗೆ ತಂದರೆ ಆ ಬಲ್ಬಿನಿಂದ ನೇರವಾಗಿ ಪುಟಕ್ಕೆ ಸಿಗುವ ಬೆಳಕು ಹದಿನಾರು ಪಟ್ಟು. ದೊಡ್ಡ ಬಲ್ಬು ಕೊಳ್ಳುವುದಕ್ಕಿಂತ ಸಣ್ಣದನ್ನು ಹತ್ತಿರ ತರುವುದೇ ಲಾಭ.

ವಯಸ್ಸಿನ ಲೆಕ್ಕ ಇನ್ನೊಂದಿದೆ. ವರ್ಷ ಕಳೆದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತು ದಾಟಿದವರ ಕಣ್ಣಿನ ಒಳಪರದೆಗೆ ತಲುಪುವುದು ಇಪ್ಪತ್ತರ ಹರೆಯದವರಿಗೆ ಸಿಗುವುದರ ಸುಮಾರು ಮೂರನೇ ಒಂದು ಭಾಗ. ಪೊರೆ ತೆಗೆಸಿಕೊಂಡವರಿಗೆ ಮಸೂರದ ತೊಂದರೆ ತಪ್ಪಿದರೂ ಪಾಪೆ ಕಿರಿದೇ ಇರುತ್ತದೆ. ಮೊಮ್ಮಗಳಿಗೆ ಧಾರಾಳವಾದ ಬೆಳಕು ಅಜ್ಜಿಗೆ ಮುಸ್ಸಂಜೆ. ಒಂದೇ ಕೋಣೆಯಲ್ಲಿ ಮೂರು ತಲೆಮಾರು ಕೂರುವ ನಮ್ಮ ಮನೆಗಳಿಗೆ ಒಂದೇ ದೀಪ ಸಾಲದಿರುವುದಕ್ಕೆ ಇದೂ ಕಾರಣ.

ಇನ್ನು ಬಣ್ಣ. ಬಲ್ಬಿನ ಡಬ್ಬಿಯ ಮೇಲೆ 2700 ಕೆ, 4000 ಕೆ, 6500 ಕೆ ಎಂದು ಬರೆದಿರುವುದನ್ನು ನೋಡಿರಬಹುದು. ಕೆ ಎಂದರೆ ಕೆಲ್ವಿನ್. ಬೆಳಕಿನ ಬಣ್ಣವನ್ನು ಹೇಳುವ ಅಳತೆ ಇದು. 2700 ಎಂದರೆ ಹಳೆಯ ಬಲ್ಬಿನ ಹೊಂಬಣ್ಣ, ಅಂಗಡಿಯವರ ಮಾತಿನಲ್ಲಿ 'ವಾರ್ಮ್ ವೈಟ್'. 6500 ಎಂದರೆ ಟ್ಯೂಬ್‌ಲೈಟಿನ ನೀಲಿ ಬೆರೆತ ಬಿಳಿ, ಅವರ 'ಕೂಲ್ ಡೇಲೈಟ್'. 4000 ಇವೆರಡರ ನಡುವಿನದು. ಅಂಕಿ ಏರಿದಂತೆ ಬೆಳಕು ತಣ್ಣಗೆ ಕಾಣುತ್ತದೆ ಎಂಬುದು ವಿಚಿತ್ರವಾದರೂ ನಿಜ. ಎಣ್ಣೆದೀಪದ ಬಣ್ಣ 2000ದ ಆಸುಪಾಸಿನಲ್ಲಿದೆ. ದೀಪದ ಬೆಳಕಿನಲ್ಲಿ ದೇವರ ಕಂಚಿನ ಮೂರ್ತಿ ಜೀವಂತವಾಗಿ ಕಾಣುವುದು, ಟ್ಯೂಬ್‌ಲೈಟ್ ಹಾಕಿದೊಡನೆ ಪೇಲವವಾಗುವುದು ಈ ಕಾರಣಕ್ಕೇ.

ಬಣ್ಣಕ್ಕೂ ನಿದ್ದೆಗೂ ನಂಟಿದೆ. ಕಣ್ಣಿನೊಳಗೆ ನೋಟಕ್ಕಲ್ಲದೆ ದೇಹಕ್ಕೆ ಹಗಲು ರಾತ್ರಿಯ ಸುದ್ದಿ ಮುಟ್ಟಿಸಲೆಂದೇ ಇರುವ ಕೋಶಗಳನ್ನು ವಿಜ್ಞಾನಿಗಳು ಈ ಶತಮಾನದ ಆರಂಭದಲ್ಲಿ ಗುರುತಿಸಿದರು. ನೀಲಿ ಅಂಶ ಹೆಚ್ಚಿರುವ ಬೆಳಕು ಅವುಗಳಿಗೆ 'ಇನ್ನೂ ಹಗಲು' ಎಂದು ಹೇಳುತ್ತದೆ. ಮಲಗುವ ಮುನ್ನ ಮಂದವಾದ ಹೊಂಬಣ್ಣದ ಬೆಳಕು ಒಳ್ಳೆಯದು ಎನ್ನುವುದು ಇದರಿಂದ.

ಕೂಡಿಸುವುದು ಹೇಗೆ?

ಇಷ್ಟೆಲ್ಲ ದೀಪ ಹಾಕಿದರೆ ಬಿಲ್ಲು ಏರುವುದಿಲ್ಲವೇ? ಹಿಂದೆ ಏರುತ್ತಿತ್ತು. ನೀಲಿ ಎಲ್‌ಇಡಿಯನ್ನು ಕಂಡುಹಿಡಿದ ಜಪಾನಿನ ಅಕಸಾಕಿ, ಅಮಾನೊ ಮತ್ತು ಜಪಾನಿನಲ್ಲೇ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು ಸುಮ್ಮನೆ ಅಲ್ಲ. ಬಿಳಿಯ ಎಲ್‌ಇಡಿ ಸಾಧ್ಯವಾದದ್ದು ಅದರಿಂದಲೇ. 2015ರಲ್ಲಿ ಕೇಂದ್ರದ ಉಜಾಲಾ ಯೋಜನೆ, ಕರ್ನಾಟಕದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ, 9 ವ್ಯಾಟಿನ ಬಲ್ಬನ್ನು ಮನೆಮನೆಗೆ ತಂದಿತು. ಹಳೆಯ 40 ವ್ಯಾಟಿನ ಟ್ಯೂಬ್‌ಲೈಟ್ ಚೋಕೂ ಸೇರಿ ಸುಮಾರು 50 ವ್ಯಾಟ್ ಉಣ್ಣುತ್ತಿತ್ತು. ಈಗ 20 ವ್ಯಾಟಿನ ಎಲ್‌ಇಡಿ ಪಟ್ಟಿ, 9 ವ್ಯಾಟಿನ ಓದುವ ದೀಪ, ಮೂಲೆಗೊಂದು 5 ವ್ಯಾಟಿನ ಬಲ್ಬು, ದಾರಿಗೆ ಅರ್ಧ ವ್ಯಾಟಿನ ರಾತ್ರಿದೀಪ ಎಲ್ಲ ಒಟ್ಟಿಗೆ ಉರಿದರೂ 35 ವ್ಯಾಟ್ ಮುಟ್ಟುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಹಾಕುವ ಅಗತ್ಯವೂ ಇಲ್ಲ.

ಹಾಗೆಂದು ದೀಪಗಳನ್ನು ತಂದು ಸುರಿಯುವುದೂ ಸಲ್ಲ. ಮೊದಲು ಮನೆಯಲ್ಲಿ ಯಾರು ಎಲ್ಲಿ ಕೂತು ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ಕೆಲಸದ ದೀಪವನ್ನು ಅಲ್ಲಿಡಿ. ಬಲಗೈಯಲ್ಲಿ ಬರೆಯುವವರಿಗೆ ಅದು ಎಡಗಡೆಗಿರಲಿ, ಎಡಚರಿಗೆ ಬಲಗಡೆಗೆ. ಹೆಚ್ಚುವವರ ನೆರಳು ಈಳಿಗೆಮಣೆಯ ಮೇಲೆ, ಕಟ್ಟೆಯ ಮೇಲೆ ಬೀಳದಂತೆ ಅಡುಗೆಮನೆಯಲ್ಲಿ ಎದುರು ಗೋಡೆಗೆ ಅಥವಾ ಕಪಾಟಿನ ಅಡಿಗೆ ದೀಪವಿರಲಿ. ಬರಿಯ ಬಲ್ಬು ಕಣ್ಣಿಗೆ ನೇರ ಹೊಡೆಯಬಾರದು, ಅದಕ್ಕೊಂದು ಮರೆ ಬೇಕು. ಒಟ್ಟಿಗೆ ಉರಿಯುವ ದೀಪಗಳ ಬಣ್ಣ ಒಂದೇ ಇರಲಿ. ಒಂದು ಪಕ್ಕದಿಂದ 2700, ಇನ್ನೊಂದರಿಂದ 6500 ಬಿದ್ದರೆ ಮುಖದ ಒಂದು ಕೆನ್ನೆ ಹಳದಿ, ಒಂದು ಕೆನ್ನೆ ನೀಲಿ. ಒಂದೊಂದು ದೀಪಕ್ಕೂ ಬೇರೆ ಸ್ವಿಚ್ ಇರಲೇಬೇಕು. ಇಲ್ಲದಿದ್ದರೆ ಹತ್ತು ದೀಪವೂ ಒಂದೇ ದೀಪದಂತೆ.

ಮಂದ ಬೆಳಕಿನ ಜೊತೆಗೆ ಒಂದು ಕಡೆ ಗಾಢ ಬೆಳಕಿದ್ದರೆ ಕೋಣೆಗೆ ಆಳ ಬರುತ್ತದೆ. ಆದರೆ ಕಗ್ಗತ್ತಲ ನಡುವೆ ಒಂದೇ ಉರಿಯುವ ದೀಪ ಕಣ್ಣನ್ನು ದಣಿಸುತ್ತದೆ. ಓದುವಾಗ ಹಿನ್ನೆಲೆಯಲ್ಲಿ ಮಂದವಾದ ಇನ್ನೊಂದು ದೀಪವಿರಬೇಕು. ಇತ್ತೀಚೆಗೆ ಫಾಲ್ಸ್ ಸೀಲಿಂಗಿನ ಸುತ್ತ ಬಣ್ಣ ಬದಲಿಸುವ ಪಟ್ಟಿ ದೀಪ ಹಾಕಿಸುವ ಶೋಕಿ ಹೆಚ್ಚಿದೆ. ನೋಡಲು ಸೊಗಸು, ಬೇಡವೆನ್ನುವುದೇಕೆ? ಆದರೆ ಅದು ಮಿನುಗುವ ಬೆಳಕು. ಅದನ್ನು ನಂಬಿ ಓದುವ ದೀಪವನ್ನು ಕೈಬಿಟ್ಟವರ ಮನೆಯಲ್ಲಿ ಸೂರು ನೇರಳೆ ಬಣ್ಣಕ್ಕೆ ತಿರುಗಿರುತ್ತದೆ, ಮಗು ಮಾತ್ರ ಪುಸ್ತಕವನ್ನು ಮೂಗಿಗೆ ಹಿಡಿದಿರುತ್ತದೆ.

ನಮ್ಮ ಮನೆಯಲ್ಲಿ ಆದದ್ದು ದೊಡ್ಡ ಬದಲಾವಣೆಯೇನಲ್ಲ. ಅಜ್ಜಿ ಕೂರುವ ಜಾಗದ ಎಡಕ್ಕೆ, ಅವರ ಭುಜದ ಎತ್ತರಕ್ಕೆ, ಮರೆಯಿರುವ ಒಂದು 9 ವ್ಯಾಟಿನ ದೀಪ ಹಾಕಿದೆವು. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ, ಮೊಣಕಾಲೆತ್ತರದಲ್ಲಿ, ರಾತ್ರಿದೀಪ ಒಂದು. ಊಟವಾದ ಮೇಲೆ ಟ್ಯೂಬ್‌ಲೈಟ್ ಆರಿಸುವುದು ಈಗ ಅಜ್ಜಿಯೇ. ನಂದಾದೀಪ ಎಂದಿನ ಜಾಗದಲ್ಲೇ ಇದೆ, ಆದರೆ ಅದು ಉರಿಯುತ್ತಿದೆ ಎಂಬುದು ಈಗ ಕಾಣುತ್ತದೆ.

ಇಂದು ಸಂಜೆ ದೀಪ ಹಾಕಿದ ಮೇಲೆ ನಿಮ್ಮ ಮನೆಯಲ್ಲೂ ಒಮ್ಮೆ ಸುತ್ತಾಡಿ ನೋಡಿ. ಮನೆಯ ಹಿರಿಯರು ಕೂರುವ ಜಾಗದಲ್ಲಿ ಕೂತು ಪತ್ರಿಕೆಯ ಈ ಪುಟವನ್ನು ಮಡಿಲಲ್ಲಿ ಹಿಡಿಯಿರಿ. ಅಕ್ಷರದ ಮೇಲೆ ನಿಮ್ಮದೇ ನೆರಳು ಬಿದ್ದರೆ, ಮೊದಲ ದೀಪ ಎಲ್ಲಿಗೆ ಬೇಕು ಎಂಬುದು ತಿಳಿಯಿತು.