ಎಲೆ ಎತ್ತದ ಊಟ

ಮದುವೆಮನೆಯ ಪಂಕ್ತಿಯಲ್ಲಿ ಕೂತಿದ್ದೀರಿ. ಇನ್ನೊಂದು ಸೌಟು ಸಾರು ಕೇಳಿದ್ದೇ ತಡ, ಬಡಿಸುವವರು ಎಲೆಯನ್ನೇ ಎತ್ತಿಬಿಟ್ಟು, ಹೊಸ ಎಲೆ ಹಾಕಿ, ಉಪ್ಪು, ಕೋಸಂಬರಿ, ಪಲ್ಯ ಎಂದು ಮೊದಲಿನಿಂದ ಬಡಿಸತೊಡಗಿದರೆ? ಜಾಲತಾಣಗಳು ಬಹುಕಾಲ ಮಾಡಿದ್ದು ಇದನ್ನೇ. ಒಂದು ಕೊಂಡಿ ಒತ್ತಿದರೆ ಇಡೀ ಪುಟ ಅಳಿಸಿಹೋಗಿ ಸರ್ವರಿನಿಂದ ಮತ್ತೊಂದು ಪುಟ ಬರಬೇಕಿತ್ತು.

1990ರ ದಶಕದ ಕೊನೆಗೆ ಮೈಕ್ರೋಸಾಫ್ಟಿನವರು ಔಟ್‌ಲುಕ್ ಮೇಲನ್ನು ಬ್ರೌಸರಿಗೆ ತರುವಾಗ ಒಂದು ಉಪಾಯ ಹೂಡಿದರು: ಪುಟ ಅಲುಗದಂತೆ, ಬೇಕಾದ ಮಾಹಿತಿಯನ್ನಷ್ಟೇ ಹಿಂದಿನಿಂದ ತರಿಸುವುದು. 2004ರ ಜಿಮೇಲ್, ಮರುವರ್ಷದ ಗೂಗಲ್ ಮ್ಯಾಪ್ಸ್ ಅದರ ರುಚಿ ಹತ್ತಿಸಿದವು. ಅಲ್ಲಿಂದ ಬೆಳೆದದ್ದು ಸಿಂಗಲ್ ಪೇಜ್ ಆಪ್. ಎಲೆ ಒಂದೇ, ಬಡಿಸುವುದು ಮಾತ್ರ ಬೇರೆ ಬೇರೆ.

ಎಲೆಯೇನೋ ಉಳಿಯಿತು, ಅಡುಗೆಮನೆ ಜಾಗ ಬದಲಿಸಿತು. ಸರ್ವರಿನಲ್ಲಿ ಬೆಂದು ಬರುತ್ತಿದ್ದ ಪುಟವನ್ನು ಈಗ ನಿಮ್ಮ ಫೋನೇ ಬೇಯಿಸಬೇಕು. ಮೊದಲು ಬರುವುದು ಹೆಚ್ಚುಕಡಿಮೆ ಖಾಲಿ ಎಲೆ, ಜೊತೆಗೆ ಜಾವಾಸ್ಕ್ರಿಪ್ಟಿನ ದೊಡ್ಡ ಗಂಟು. ಅದು ಇಳಿಯಬೇಕು, ಫೋನು ಅದನ್ನು ಬಿಚ್ಚಿ ಓಡಿಸಬೇಕು, ಆಮೇಲೆ ಮಾಹಿತಿ ತರಿಸಬೇಕು. ದುಬಾರಿ ಫೋನಿನಲ್ಲಿ ಇದು ತಿಳಿಯುವುದೇ ಇಲ್ಲ. ಅಗ್ಗದ ಫೋನಿನಲ್ಲಿ ಬಿಳಿ ಪರದೆ ನೋಡುತ್ತ ಕೂರಬೇಕು. ಹಿಂದಕ್ಕೆ ಹೋಗುವ ಗುಂಡಿ, ಓದುತ್ತಿದ್ದ ಸಾಲು ಎಲ್ಲಿತ್ತೆಂಬ ನೆನಪು, ಪುಟ ಬದಲಾಯಿತೆಂದು ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಸೂಚನೆ — ಬ್ರೌಸರು ತಾನಾಗಿಯೇ ನೋಡಿಕೊಳ್ಳುತ್ತಿದ್ದ ಈ ಚಾಕರಿಯೂ ಪ್ರೋಗ್ರಾಮರ್ ತಲೆಗೆ ಬಂತು.

ಟ್ವಿಟರ್ 2010ರಲ್ಲಿ ಈ ದಾರಿ ಹಿಡಿಯಿತು. ಅದರ ವಿಳಾಸಗಳ ನಡುವೆ ಹ್ಯಾಶ್ ಚಿಹ್ನೆ ಬಂದು ಕೂತಿತು. ಆ ಚಿಹ್ನೆಯ ಮುಂದಿನ ಭಾಗವನ್ನು ಬ್ರೌಸರು ಸರ್ವರಿಗೆ ಕಳಿಸುವುದೇ ಇಲ್ಲ. ಹಾಗಾಗಿ ಬಂದವರಿಗೆ ಯಾವ ಟ್ವೀಟು ಬೇಕು ಎಂಬುದೂ ಜಾವಾಸ್ಕ್ರಿಪ್ಟ್ ಇಳಿದು ಓಡಿದ ಮೇಲೆಯೇ ಗೊತ್ತಾಗುತ್ತಿತ್ತು. 2012ರಲ್ಲಿ ಕಂಪನಿ ಒಲೆಯನ್ನು ಮತ್ತೆ ಸರ್ವರಿಗೇ ಒಯ್ದಿತು. ಪುಟ ಮೊದಲ ಬಾರಿ ತೆರೆಯಲು ಹಿಡಿಯುತ್ತಿದ್ದ ಸಮಯ ಐದರಲ್ಲೊಂದು ಪಾಲಿಗೆ ಇಳಿಯಿತೆಂದು ಅದೇ ತಿಳಿಸಿತು.

ಹಾಗೆಂದು ಸಿಂಗಲ್ ಪೇಜ್ ಆಪ್ ತಪ್ಪು ಹಾದಿಯಲ್ಲ. ಮೊದಲ ಪುಟವನ್ನು ಸರ್ವರಿನಲ್ಲಿ ಬೇಯಿಸಿ, ಉಳಿದದ್ದನ್ನು ಫೋನಿಗೆ ಬಿಡುವ ನಡುದಾರಿಯೂ ಇದೆ. ಕೇಳಿಕೊಳ್ಳಬೇಕಾದದ್ದು ಒಂದೇ: ಬಂದವರು ಎಷ್ಟು ಹೊತ್ತು ಕೂರುತ್ತಾರೆ? ದಿನವಿಡೀ ಮೇಲ್ ತೆರೆದಿಟ್ಟುಕೊಂಡು ನೂರು ಸಲ ಒತ್ತುವವರಿಗೆ ಆರಂಭದ ಕಾಯುವಿಕೆ ಹೊರೆಯಲ್ಲ. ಬಸ್ಸಿನ ವೇಳೆಯನ್ನೋ ಪರೀಕ್ಷೆಯ ಫಲಿತಾಂಶವನ್ನೋ ನೋಡಿ ಹೊರಡುವವರ ಮಾತು ಬೇರೆ. ಒಂದು ಲೋಟ ಮಜ್ಜಿಗೆಗೆ ಬಂದವರ ಕೈಗೆ ಕಡೆಗೋಲು ಕೊಟ್ಟು ಕೂರಿಸಬಾರದು.